ಕಿಟಕಿ ಸಾಹೇಬರು ಪವರ್ ಹಂಚಿದ್ದು

ಜಗತ್ತಿನಲ್ಲಿ ಗುಂಡಿಗೆ ಬಿದ್ದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಗುಂಡಿಯಿಂದಲೇ ಮೇಲೆ ಬಂದವರು, ನಮಗೆ ತಿಳಿದ ಮಟ್ಟಿಗೆ, ಕಿಟಕಿ ಸಾಹೇಬರೊಬ್ಬರೇ. ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಗೆ ಅವರು ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಮೀಸೆ ನರೆಯುವ ಹೊತ್ತಿಗೆ ತಪಾಸಣೆ ವಿಭಾಗದ ಸೂಪರ್‌ವೈಸರ್ ಆಗಿದ್ದರು.

ತಪಾಸಣೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಯಂತ್ರದಿಂದ ಉದುರಿದ ಗುಂಡಿಗಳನ್ನು ಉದ್ದನೆಯ ಮೇಜಿನ ಮೇಲೆ ಸುರಿಯುತ್ತಾರೆ. ಮೇಜಿನ ಎರಡೂ ಕಡೆ ಕೂತ ಕೆಲಸಗಾರರು ಒಳ್ಳೆಯದನ್ನು ಬಲಗಡೆಯ ಟ್ರೇಗೂ ಸೊಟ್ಟದ್ದು, ಸೀಳಿದ್ದು, ಬಣ್ಣ ಕೆಟ್ಟದ್ದನ್ನು ಎಡಗಡೆಯ ಡಬ್ಬಕ್ಕೂ ಹಾಕುತ್ತಾರೆ. ಆ ಕಡೆಗೂ ಸಲ್ಲದ ಈ ಕಡೆಗೂ ಸಲ್ಲದ ತ್ರಿಶಂಕು ಗುಂಡಿಯೊಂದು ಸಿಕ್ಕಿತೋ, ಅದು ಸಾಹೇಬರ ಸನ್ನಿಧಿಗೆ. ಹಾಲಿನ ಮೂಲೆಯ ಗಾಜಿನ ಕ್ಯಾಬಿನ್ನಿನಲ್ಲಿ, ದೊಡ್ಡ ಕಿಟಕಿಗೆ ಬೆನ್ನು ಮಾಡಿ ಕೂತಿರುತ್ತಿದ್ದ ಸಾಹೇಬರು, ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಕುರ್ಚಿಸಮೇತ ತಿರುಗಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ತೀರ್ಪು. "ಹೋಗ್ಲಿ" ಅಥವಾ "ಬೇಡ".

ಈ ಎರಡು ಮಾತಿನ ನಡುವೆ ಮಾತ್ರ ಬಹಳ ಜಾಗವಿತ್ತು. "ಕೂತ್ಕೋ, ಕೂತ್ಕೋ. ನಿನ್ ಮಗಳ ಕೆಮ್ಮು ಹೇಗಿದೆ?" ಎಂದು ಎದುರಿನ ಸ್ಟೂಲು ತೋರಿಸಿದರೆ, ಕೆಮ್ಮಿನಿಂದ ಕಷಾಯಕ್ಕೆ, ಕಷಾಯದಿಂದ ಅತ್ತೆಗೆ, ಅತ್ತೆಯಿಂದ ಆಸ್ತಿಗೆ ಮಾತು ಹರಿದು, ಗುಂಡಿಯ ತೀರ್ಪು ಬರುವಷ್ಟರಲ್ಲಿ ಗಂಟಲು ಒಣಗಿರುತ್ತಿತ್ತು. ವಿಚಿತ್ರವೆಂದರೆ, ಸಾಹೇಬರ ಹೆಂಡತಿ ತೀರಿಕೊಂಡ ಮೇಲೆ ಕಾರ್ಖಾನೆಯಲ್ಲಿ ಅನುಮಾನದ ಗುಂಡಿಗಳು ಹೆಚ್ಚಾಗಿದ್ದವು. ಬೆಳಗಿನಿಂದ ಸಂಜೆಯವರೆಗೆ ಒಬ್ಬರು ಎದ್ದರೆ ಇನ್ನೊಬ್ಬರು. ಸಾಹೇಬರು ಇದಕ್ಕೆ ಹೊಸ ಯಂತ್ರವನ್ನು ದೂರುತ್ತಿದ್ದರು.

"ಯಂತ್ರ ಏನ್ ಮಾಡುತ್ತೆ ಪಾಪ," ಎಂದು ದೊಡ್ಡಕ್ಕ ಒಮ್ಮೆ ಅಂದಿದ್ದಳು. ದೊಡ್ಡಕ್ಕ ಎಂದರೆ ಆ ಮೇಜಿನ ಹಿರಿಯಳು. ಅವಳ ಕನ್ನಡಕ ದಪ್ಪ, ನಾಲಿಗೆ ತೆಳು. "ಕೆಲವು ಗುಂಡಿಗಳ ಹಣೇಬರಹ ನಿಮ್ಮ ಕೈಲಿ ಅಂತ ಬರ್ದಿರುತ್ತೆ, ಸಾಹೇಬ್ರೇ."

ಸಾಹೇಬರು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡಿದ್ದರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಒಂದು ದಿನ ಮ್ಯಾನೇಜರ್ ಎಲ್ಲ ಸೂಪರ್‌ವೈಸರುಗಳನ್ನೂ ನಾಯಕತ್ವ ತರಬೇತಿಗೆ ಅಟ್ಟಿದರು. ತರಬೇತಿ ಕೊಡಲು ಬಂದಿದ್ದವನು ಹವೆ ಹೇಗಿದ್ದರೂ ಕೋಟು ತೆಗೆಯದ ಜಾತಿಯವನು. ಅವನ ಕೋಟಿಗೆ ಮೂರು ಗುಂಡಿಗಳಿದ್ದು ನಡುವಿನದರ ಬಣ್ಣ ಉಳಿದೆರಡಕ್ಕೆ ಹೊಂದುತ್ತಿರಲಿಲ್ಲ ಎಂಬುದನ್ನು ಸಾಹೇಬರು ಅವನು ಬಾಯಿ ತೆರೆಯುವ ಮೊದಲೇ ಗಮನಿಸಿಯಾಗಿತ್ತು. ಅವನಿಗೊಂದು ಚಾಳಿ. ಯಾವ ವಾಕ್ಯವನ್ನೂ ತಾನು ಮುಗಿಸುತ್ತಿರಲಿಲ್ಲ. ಕೊನೆಯ ತುಂಡನ್ನು ಸಭಿಕರ ಬಾಯಿಂದ ಎಳೆಯುತ್ತಿದ್ದ.

"ಫ್ರೆಂಡ್ಸ್! ಲೀಡರ್ ಅಂದ್ರೆ ಪವರ್ ಇಟ್ಕೊಳ್ಳೋನಲ್ಲ. ಪವರ್ ಏನ್ ಮಾಡೋನು? ಹಂ... ಹಂ..."

"ಹಂದಿ?" ಎಂದು ಹಿಂದಿನ ಬೆಂಚಿನಿಂದ ಪ್ಯಾಕಿಂಗ್ ಸೂಪರ್‌ವೈಸರ್ ಸಹಾಯ ಮಾಡಿದ.

"ಹಂಚೋನು! ಪವರ್ ಎಲ್ಲಿರುತ್ತೆ? ಕುರ್ಚೀಲಿ ಅಲ್ಲ. ಕೆಲಸಗಾರನ ಮನ... ಮನ..."

"ಮನೇಲಿ!"

"ಮನಸ್ಸಲ್ಲಿ, ಫ್ರೆಂಡ್ಸ್, ಮನಸ್ಸಲ್ಲಿ! ಇದಕ್ಕೇ ಮಾನಸಿಕ ಸಬಲೀಕರಣ ಅನ್ನೋದು."

ಸಬಲೀಕರಣಕ್ಕೆ ನಾಲ್ಕು ಕಂಬಗಳಿವೆಯೆಂದು ಅವನು ಎಲ್ಲರಿಂದಲೂ ಎದೆ ತಟ್ಟಿಸಿ ಹೇಳಿಸಿದ. ನನ್ನ ಕೆಲಸಕ್ಕೆ ಅರ್ಥ ಇದೆ. ಅದು ನನಗೆ ಬರುತ್ತೆ. ಹೇಗೆ ಮಾಡೋದು ಅಂತ ನಾನೇ ತೀರ್ಮಾನಿಸ್ತೀನಿ. ನಾನಿರೋದ್ರಿಂದ ಏನೋ ಒಂದು ವ್ಯತ್ಯಾಸ ಆಗುತ್ತೆ. ಸಾಹೇಬರಿಗೆ ಕಂಬಗಳ ಭಾಷೆ ಹಿಡಿಸಲಿಲ್ಲ. ನಾಲ್ಕು ತೂತು ಎಂದುಕೊಂಡಾಗ ತಲೆಗೆ ಹೊಕ್ಕಿತು. ಒಂದು ತೂತು ಕಮ್ಮಿಯಾದರೂ ದಾರ ನೆಟ್ಟಗೆ ಕೂರುವುದಿಲ್ಲ. ಸರಿ, ಇದು ಗುಂಡಿಯ ವಿಷಯವೇ.

ಆಗ ಕೋಟಿನವನು ಕೇಳಿದ: "ದಿನಕ್ಕೆ ಎಷ್ಟು ಸಲ ನಿಮ್ಮ ಜನ ನಿಮ್ಮನ್ನ ಕೇಳ್ಕೊಂಡು ಬರ್ತಾರೆ?"

ಒಬ್ಬ ಎರಡು ಎಂದ, ಒಬ್ಬ ಮೂರು ಎಂದ. "ನನ್ ಹತ್ರ ಯಾರೂ ಬರಲ್ಲ, ಬಂದ್ರೆ ಬೈತೀನಿ," ಎಂದ ಪ್ಯಾಕಿಂಗ್‌ನವನು. ಸಾಹೇಬರು ನಿಧಾನವಾಗಿ ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ಬಹುಮಾನ ಪಡೆಯಲು ವೇದಿಕೆ ಹತ್ತುವವರ ವಿನಯದಿಂದ ಹೇಳಿದರು: "ಏನಿಲ್ಲ ಅಂದ್ರೂ ನಲವತ್ತು."

ಚಪ್ಪಾಳೆ ಬರಲಿಲ್ಲ. ಕೋಟಿನವನು ಹತ್ತಿರ ಬಂದು ಅವರ ಭುಜದ ಮೇಲೆ ಕೈಯಿಟ್ಟ. ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ ಸಂಬಂಧಿಕರ ಕಡೆ ತಿರುಗುತ್ತಾರಲ್ಲ, ಹಾಗೆ ಸಭೆಯ ಕಡೆ ತಿರುಗಿದ. "ಫ್ರೆಂಡ್ಸ್, ಇವರೇ ಪೇಷಂಟು."

ಸಾಹೇಬರ ಮೀಸೆ ಇಳಿಯಿತು.

"ಸಾರ್, ನೀವು ಅಷ್ಟೂ ಜನರ ಬುದ್ಧಿಗೆ ಬೀಗ ಹಾಕಿ ಬೀಗದ ಕೈ ಜೇಬಲ್ಲಿ ಇಟ್ಕೊಂಡಿದೀರಿ. ಒಂದೇ ಔಷಧಿ. ಯಾರು ಏನೇ ಕೇಳಲಿ, ಉತ್ತರ ಕೊಡಬೇಡಿ. ನಗ್ತಾ ತಿರುಗಿ ಕೇಳಿ: ನಿಮಗೇನನ್ಸುತ್ತೆ? ಕೆಲಸದಲ್ಲಿ, ಮನೇಲಿ, ಬೀದೀಲಿ, ಎಲ್ಲಾ ಕಡೆ. ಒಬ್ಬನೂ ನಿಮ್ಮ ಬಾಗಿಲಿಗೆ ಬರದೇ ಇರೋ ದಿನ, ನೀವು ಲೀ... ಲೀ..."

"ಲೀಡರ್," ಎಂದರು ಸಾಹೇಬರು, ಸಣ್ಣ ದನಿಯಲ್ಲಿ.

ಮರುದಿನ ಮೊದಲು ಬಂದವನು ಬಣ್ಣದಣ್ಣ. ಮೊದಲು ಬಣ್ಣದ ತೊಟ್ಟಿಯ ಕೆಲಸ ಮಾಡಿ ಬಂದವನಾದ್ದರಿಂದ ಅವನ ಹತ್ತು ಬೆರಳುಗಳಿಗೆ ಹತ್ತು ಬಣ್ಣ. ಸ್ಟೂಲಿನ ಮೇಲೆ ಕೂತೇ ಗುಂಡಿ ಮುಂದೆ ಮಾಡಿದ.

"ಸಾಹೇಬ್ರೇ, ಇದು ನೀಲೀನೋ ನೇರಳೇನೋ ತಿಳೀತಿಲ್ಲ. ಹೋಗ್ಲಾ, ಬೇಡ್ವಾ?"

ಸಾಹೇಬರ ಕೈ ಅಭ್ಯಾಸಬಲದಿಂದ ಗುಂಡಿಯ ಕಡೆ ಹೋಯಿತು. ಅದನ್ನು ತಡೆದು ತೊಡೆಯ ಕೆಳಗೆ ಇಟ್ಟುಕೊಂಡರು. ನಕ್ಕರು. ಹಲ್ಲುನೋವಿನವರು ನಕ್ಕಂತಿತ್ತು. "ನಿನಗೇನನ್ಸುತ್ತೆ?"

"ನನಗಾ?"

"ಹೂಂ. ನಿನಗೇನನ್ಸುತ್ತೆ?"

ಬಣ್ಣದಣ್ಣ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕೇಳುತ್ತಿರಬಹುದೆಂದು. ಯಾರೂ ಇರಲಿಲ್ಲ. "ನನಗೆ ನೀಲಿ ಅನ್ಸುತ್ತೆ."

"ಸರಿ ಹಾಗಾದ್ರೆ. ಹೋಗು."

"ನನ್ ಮಗಳ ಕೆಮ್ಮು—"

"ಅದಕ್ಕೂ ನಿನಗೇನನ್ಸುತ್ತೋ ಅದನ್ನೇ ಮಾಡು."

ಬಣ್ಣದಣ್ಣ ಎದ್ದು ಹೋದ. ಹೋಗುವಾಗ ಎರಡು ಸಲ ತಿರುಗಿ ನೋಡಿದ. ಅವನ ಹಿಂದೆ ಬಂದವರಿಗೂ ಅದೇ ಪ್ರಸಾದ. ದೊಡ್ಡಕ್ಕನಂತೂ ಗುಂಡಿ ಮುಂದೆ ಹಿಡಿದು ನಿಂತು, "ನಿಮಗೇನನ್ಸುತ್ತೆ ದೊಡ್ಡಕ್ಕ?" ಎಂಬ ಪ್ರಶ್ನೆ ಕಿವಿಗೆ ಬಿದ್ದದ್ದೇ, ಕನ್ನಡಕ ಮೂಗಿನ ತುದಿಗಿಳಿಸಿ ಅವರನ್ನೇ ಕಿಟಕಿಯ ಬೆಳಕಲ್ಲಿ ಪರೀಕ್ಷೆ ಮಾಡಿದಳು. ತೀರ್ಪು ಹೇಳದೆ ಹೊರಟುಹೋದಳು. ಟೀ ಹೊತ್ತಿಗೆ ಮೇಜಿನ ಸುತ್ತ ಎಲ್ಲ ತಲೆಗಳೂ ಒಂದಾಗಿ ಪಿಸುಗುಟ್ಟುವುದು ಗಾಜಿನೊಳಗಿಂದ ಕಂಡಿತು. ನಡುನಡುವೆ ಒಂದೊಂದು ತಲೆ ಎದ್ದು ಕ್ಯಾಬಿನ್ ಕಡೆ ನೋಡಿ ಮತ್ತೆ ಮುಳುಗುತ್ತಿತ್ತು.

"ಸಬಲರಾಗ್ತಿದಾರೆ," ಎಂದುಕೊಂಡರು ಸಾಹೇಬರು. ಅವರಿಗೆ ಖುಷಿಯಾಗಬೇಕಾಗಿತ್ತು.

ಔಷಧಿಯನ್ನು ದಿನಕ್ಕೆ ಮೂರು ಹೊತ್ತು ತಪ್ಪದೆ ತೆಗೆದುಕೊಳ್ಳುವ ರೋಗಿಗಳುಂಟು. ಸಾಹೇಬರು ಆ ಪೈಕಿ. ಸಂಜೆ ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ?" ಎಂದ. "ನಿಮಗೇನನ್ಸುತ್ತೆ?" ಎಂದರು. "ನನಗೆ ನೀವು ಇಲ್ಲೇ ಇಳೀಬೇಕು ಅನ್ಸುತ್ತೆ," ಎಂದು ಕಂಡಕ್ಟರು ಸೀಟಿ ಊದಿದ. ಉಳಿದ ದಾರಿಯನ್ನು ಸಾಹೇಬರು ಸ್ವಾವಲಂಬಿಯಾಗಿ ನಡೆದರು.

ಅವರಿದ್ದದ್ದು ಬಾಡಿಗೆ ಮನೆಯ ಮಹಡಿಯ ಮೇಲೆ. ಕೆಳಗೆ ದರ್ಜಿಯ ಅಂಗಡಿ. ಸಂಜೆ ಅವರು ಮೆಟ್ಟಿಲು ಹತ್ತುವ ಮುಂಚೆ ದರ್ಜಿ ಮಷೀನು ನಿಲ್ಲಿಸಿ, ಯಾವುದೋ ಬಟ್ಟೆ ಎತ್ತಿ ಹಿಡಿದು, "ಇದಕ್ಕೆ ಯಾವ ಗುಂಡಿ ಹಾಕ್ಲಿ ಸಾಹೇಬ್ರೇ?" ಎಂದು ಕೇಳುವುದು ಬಹಳ ವರ್ಷಗಳ ರೂಢಿ. ಸಾಹೇಬರು ಬಾಗಿಲಲ್ಲೇ ನಿಂತು, ಕಪ್ಪಿಗೂ ಕಡುಗಂದಿಗೂ ಇರುವ ನೈತಿಕ ವ್ಯತ್ಯಾಸವನ್ನು ವಿವರಿಸಿ, ಆತ ತರಿಸಿದ ಟೀ ಕುಡಿದು ಮೇಲೆ ಹೋಗುತ್ತಿದ್ದರು. ಆ ದಿನ ಆತ ಎತ್ತಿ ಹಿಡಿದದ್ದು ಒಂದು ಬೂದುಬಣ್ಣದ ಜಾಕೀಟು.

"ನಿಮಗೇನನ್ಸುತ್ತೆ?" ಎಂದರು ಸಾಹೇಬರು.

ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದ. "ನನಗನ್ನಿಸಿದ್ದೇ ಹಾಕ್ಲಾ?"

"ಹಾಕಿ. ಪವರ್ ನಿಮ್ಮ ಮನಸ್ಸಲ್ಲೇ ಇದೆ."

"ಬಹಳ ದಿನದಿಂದ ಆಸೆ ಇತ್ತು," ಎಂದ ದರ್ಜಿ. ಟೀ ತರಿಸುವುದನ್ನು ಮರೆತ.

ಮರುದಿನ ಸಂಜೆ ಜಾಕೀಟು ಬಾಗಿಲಿನ ಮೊಳೆಗೆ ತೂಗಾಡುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಜಿಪ್ಪು.

ಸಾಹೇಬರು ಅದನ್ನು ನೋಡುತ್ತ ನಿಂತರು. ತನ್ನ ಮನೆಯ ಹೆಬ್ಬಾಗಿಲಲ್ಲಿ ಶತ್ರುವಿನ ಬಾವುಟ ಕಂಡ ದಳಪತಿ ಕೂಡ ಅಷ್ಟು ಹೊತ್ತು ನಿಂತಿರಲಾರ.

"ಹೇಗಿದೆ?" ಎಂದ ದರ್ಜಿ, ಮುಖವರಳಿಸಿ. "ಇನ್ನು ಎಲ್ಲದಕ್ಕೂ ಇದೇ. ಜರ್ರ್ ಅಂದ್ರೆ ಮುಚ್ಚುತ್ತೆ, ಜರ್ರ್ ಅಂದ್ರೆ ಬಿಚ್ಚುತ್ತೆ. ದಿನಾ ನಿಮ್ಮನ್ನ ಮೆಟ್ಲಲ್ಲಿ ನಿಲ್ಲಿಸಿ ತೊಂದ್ರೆ ಕೊಡ್ತಿದ್ದೆ. ಇನ್ನು ಆ ತೊಂದ್ರೆ ಇಲ್ಲ ಬಿಡಿ."

ಸಾಹೇಬರು ತೊಂದರೆಯಿಲ್ಲದೆ ಮೆಟ್ಟಿಲು ಹತ್ತಿದರು. ಬೀಗ ತೆಗೆದರು, ದೀಪ ಹಾಕಿದರು. ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ಹೆಂಡತಿಯ ಲೋಟ ಕಪಾಟಿನ ಮೇಲಿನ ಅರೆಯಲ್ಲಿ ಬೋರಲಾಗಿ ಕೂತಿತ್ತು. ಹಿಂದಿನ ಮನೆಯವರ ಟೀವಿಯಲ್ಲಿ ಯಾರೋ ಯಾರಿಗೋ ಬೈಯುತ್ತಿದ್ದರು. ಸಾಹೇಬರು ತಟ್ಟೆ ಹಿಡಿದು ಆ ಗೋಡೆಯ ಪಕ್ಕಕ್ಕೇ ಕೂತು ಊಟ ಮಾಡಿದರು.

ಅಕ್ಕನ ಫೋನು ಬಂದದ್ದು ಆಗ. ಅಕ್ಕ ಇನ್ನೊಂದು ಊರಿನವಳು. ವಾರಕ್ಕೊಮ್ಮೆ ಫೋನು ಮಾಡಿ, ಪರದೆಗೆ ಯಾವ ಬಣ್ಣ, ಹಲ್ಲು ಕೀಳಿಸಲೇ ಬೇಡವೇ, ಭಾವನಿಗೆ ಸಕ್ಕರೆ ಬಿಡಿಸುವುದು ಹೇಗೆ ಎಂದು ತಮ್ಮನ ಸಲಹೆ ಕೇಳಿ, ಅದರಲ್ಲಿ ಒಂದನ್ನೂ ಪಾಲಿಸದೆ ಬದುಕುತ್ತಿದ್ದವಳು.

"ಏನೋ, ಉಂಡ್ಯಾ?"

"ನಿನಗೇನನ್ಸುತ್ತೆ?"

ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಭಾನುವಾರ ಬರೋಣ ಅಂತಿದ್ದೆ. ಎರಡು ದಿನ ಇದ್ದು ಹೋಗ್ತೀನಿ. ಬರ್ಲಾ?"

ಸಾಹೇಬರ ಬಾಯಿ "ಬಾ" ಎನ್ನಲು ತೆರೆದೇ ಇತ್ತು. ಆದರೆ ಔಷಧಿ ಎಂದ ಮೇಲೆ ಪಥ್ಯ ಮುರಿಯಬಾರದು. "ನಿನಗೇನನ್ಸುತ್ತೆ ಅಕ್ಕ?"

"ನನಗೇನನ್ಸುತ್ತೆ? ನನಗನ್ಸೋದು, ಬರಬೇಡ ಅನ್ನೋಕೆ ನಿನಗೆ ಬಾಯಿಲ್ಲ ಅಂತ! ನಿನ್ನ ಎತ್ತಿ ಆಡಿಸಿದ ಸೊಂಟ ಕಣೋ ಇದು, ಇನ್ನೂ ನೋಯುತ್ತೆ!"

ಫೋನು ಕುಕ್ಕಿದ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗಾಯಿತು. ಈ ಸಲ ಭಾವ.

"ಏನಯ್ಯಾ, ನಿಮ್ಮಕ್ಕ ಅಡುಗೆಮನೇಲಿ ಪಾತ್ರೆಗಳ ಜೊತೆ ಜಗಳ ಆಡ್ತಿದಾಳೆ. ಅವಳಿಗೆ ಏನಂದೆ?"

"ಅವಳ ತೀರ್ಮಾನ ಅವಳಿಗೇ ಬಿಟ್ಟೆ ಭಾವ. ಸಬಲೀಕರಣ. ನಿಮಗೇನನ್ಸುತ್ತೆ?"

"ನನಗನ್ಸೋದನ್ನ ಫೋನಲ್ಲಿ ಹೇಳೋಕಾಗಲ್ಲ," ಎಂದರು ಭಾವ. "ಅವಳು ಈಗಿರೋದೇ ಇಷ್ಟು ಸಬಲೆ. ಇನ್ನೂ ಮಾಡಿದ್ರೆ ನಾನು ಬದುಕಲ್ಲ."

ಮುಂದಿನ ವಾರ ಫೋನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಎರಡನೆಯ ಭಾನುವಾರ ಸಾಹೇಬರು ಫೋನು ಕೆಟ್ಟಿದೆಯೇನೋ ಎಂದು ಪಕ್ಕದ ಅಂಗಡಿಯಿಂದ ತಮಗೆ ತಾವೇ ಒಮ್ಮೆ ಮಾಡಿ ನೋಡಿದರು. ಜೇಬಲ್ಲಿ ಚೆನ್ನಾಗಿಯೇ ರಿಂಗಾಯಿತು. ಅಂಗಡಿಯವನು ವಿಚಿತ್ರವಾಗಿ ನೋಡಿದನಾದ್ದರಿಂದ ಎತ್ತಿ "ಹಲೋ" ಎನ್ನಬೇಕಾಯಿತು.

ಕಾರ್ಖಾನೆಯಲ್ಲಿ ಔಷಧಿ ಇನ್ನೂ ಚೆನ್ನಾಗಿ ಹಿಡಿದಿತ್ತು. ನಲವತ್ತು ಇಪ್ಪತ್ತಾಯಿತು, ಇಪ್ಪತ್ತು ಐದಾಯಿತು, ಐದು ಸೊನ್ನೆಯಾಯಿತು. ಸಾಹೇಬರು ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸಿದರು. ಆಮೇಲೆ ಬಣ್ಣದ ಪ್ರಕಾರ. ಸ್ಟೂಲನ್ನು ಒರೆಸಿ ಬಾಗಿಲಿನಿಂದ ಕಾಣುವಂತೆ ಸ್ವಲ್ಪ ಮುಂದಕ್ಕೆ ಇಟ್ಟರು. ಯಾರಾದರೂ ಕ್ಯಾಬಿನ್ ಕಡೆ ನಡೆದು ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಬಂದವರು ಪಕ್ಕದ ಕೊಕ್ಕೆಯಲ್ಲಿದ್ದ ಪೊರಕೆ ತೆಗೆದುಕೊಂಡು, ಸಾಹೇಬರಿಗೆ ತೊಂದರೆಯಾಗದಂತೆ ತುದಿಗಾಲಲ್ಲಿ ಹೋಗುತ್ತಿದ್ದರು. ಪೊರಕೆಗಿದ್ದ ಬೇಡಿಕೆ ಸೂಪರ್‌ವೈಸರಿಗಿಲ್ಲ.

ಸಾಹೇಬರಿಗೆ ಉಳಿದಿದ್ದ ಒಂದೇ ಆಸೆ, ತಾವಿಲ್ಲದೆ ಏನಾದರೂ ಭಯಂಕರ ತಪ್ಪು ನಡೆದೀತು, ಎಲ್ಲರೂ ಓಡಿ ಬಂದಾರು ಎಂಬುದು. ಅಂಥದ್ದೇನೂ ಆಗಲಿಲ್ಲ. ಗುಂಡಿಗಳು ಮೊದಲು ಹೋಗುತ್ತಿದ್ದಂತೆಯೇ ಹೋದವು, ಒಂದು ದೂರೂ ಬರಲಿಲ್ಲ.

ದೂರಿನ ಬದಲು ಮ್ಯಾನೇಜರ್ ಬಂದರು, ಕೋಟಿನವನನ್ನು ಕರೆದುಕೊಂಡು. ಕೋಟಿನವನ ಕೈಯಲ್ಲಿ ಗಾಜಿನ ಒಂದು ಟ್ರೋಫಿ: ಬಿಚ್ಚಿದ ಅಂಗೈ. ಪವರ್ ಹಂಚುವ ಕೈ ಎಂದು ಅದರ ಅರ್ಥವಂತೆ. ನೋಡಿದವರಿಗೆ ಯಾರೋ ಚಿಲ್ಲರೆ ಕೇಳುತ್ತಿರುವಂತೆ ಕಾಣುತ್ತಿತ್ತು.

"ಫ್ರೆಂಡ್ಸ್, ನಮ್ಮ ಪೇಷಂಟೇ ಈಗ ಡಾ... ಡಾ..."

"ಡಬ್ಬ," ಎಂದಳು ದೊಡ್ಡಕ್ಕ. ಅವಳು ನಿಜವಾಗಿ ಪಕ್ಕದವನಿಂದ ಡಬ್ಬ ಕೇಳಿದ್ದಳು.

"ಡಾಕ್ಟರು! ಇಡೀ ಕಾರ್ಖಾನೇಲಿ ಯಾರ ಬಾಗಿಲಿಗೂ ಇಷ್ಟು ಕಮ್ಮಿ ಜನ ಬರಲ್ಲ!"

ಚಪ್ಪಾಳೆ ಬಿತ್ತು. ಇಷ್ಟು ದಿನದ ಮೇಲೆ ಎಲ್ಲರೂ ತಮ್ಮ ಕಡೆ ನೋಡುತ್ತಿದ್ದಾರೆಂದು ಸಾಹೇಬರು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಮ್ಯಾನೇಜರ್ ಮಾತ್ರ ಕ್ಯಾಬಿನ್ನಿನ ಸುತ್ತ ಕಣ್ಣಾಡಿಸುತ್ತಿದ್ದರು. ಒರೆಸಿದ ಸ್ಟೂಲು, ಜೋಡಿಸಿದ ಪೆನ್ನು, ಧೂಳಿಲ್ಲದ ಮೇಜು. ಅವರಿಗೊಂದು ಸಹಜವಾದ ಸಂದೇಹ ಬಂತು.

"ಎಲ್ಲಾ ಅವರೇ ಮಾಡ್ಕೊಂಡ್ರೆ... ನಿಮ್ಮ ಕೆಲಸ ಏನು ಈಗ?"

ಈ ಪ್ರಶ್ನೆಗೆ ಯಾವ ಮನುಷ್ಯನಾದರೂ ಒಂದು ಸುಳ್ಳನ್ನಾದರೂ ಹೇಳುತ್ತಾನೆ. ಸಾಹೇಬರ ಬಾಯಲ್ಲಿ ತಿಂಗಳಿಂದ ಒಂದೇ ವಾಕ್ಯ ಮನೆ ಮಾಡಿತ್ತು. ಅದು ಯಜಮಾನನನ್ನು ಕೇಳದೆ ಹೊರಗೆ ಬಂತು.

"ನಿಮಗೇನನ್ಸುತ್ತೆ ಸಾರ್?"

ಮ್ಯಾನೇಜರನ್ನು ಅವರ ಜೀವಮಾನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಮೇಲಿನವರು ಆಜ್ಞೆ ಮಾಡಿದ್ದರು, ಕೆಳಗಿನವರು ತಲೆಯಾಡಿಸಿದ್ದರು, ಮನೆಯವರು ಆಗಲೇ ತೀರ್ಮಾನಿಸಿಬಿಟ್ಟಿರುತ್ತಿದ್ದರು. ಅವರ ಮುಖ ಕೆಂಪಾಗಿ, ಬಿಳುಪಾಗಿ, ಕೊನೆಗೆ ಬೆಳಗಿತು.

"ನನಗನ್ಸುತ್ತೆ," ಎಂದರು ಅವರು, ತಮ್ಮ ದನಿಗೆ ತಾವೇ ಬೆರಗಾಗಿ, "ಇಂಥವರು ಇಲ್ಲಿ ಕೆಳಗೆ ಕೂತಿರಬಾರದು!"

ಹೀಗೆ ಕಿಟಕಿ ಸಾಹೇಬರಿಗೆ ಬಡ್ತಿಯಾಯಿತು. ಸಬಲೀಕರಣ ಸಲಹೆಗಾರ. ಮಹಡಿಯ ಮೇಲೆ ಸ್ವಂತ ಕೋಣೆ, ತಿರುಗುವ ಕುರ್ಚಿ, ಏಸಿ, ಟೆಲಿಫೋನು, ಮೇಜಿನ ಮೇಲೆ ಚಿಲ್ಲರೆ ಕೇಳುವ ಕೈ. ಹಿಂದೆ ಹಳೆಯ ಫ್ಯಾನುಗಳನ್ನು ತುಂಬಿಡುತ್ತಿದ್ದ ಕೋಣೆ ಅದು. ಫ್ಯಾನುಗಳಿಗೆ ಗಾಳಿ ಬೇಕಿಲ್ಲವಾದ್ದರಿಂದ ಕಟ್ಟಿದವರು ಕಿಟಕಿ ಇಟ್ಟಿರಲಿಲ್ಲ.

ಕಿಟಕಿಯಿಲ್ಲದ ಕೋಣೆಯಲ್ಲಿ ಕಿಟಕಿ ಸಾಹೇಬರು ತಿರುಗುವ ಕುರ್ಚಿಯಲ್ಲಿ ಕೂತು ತಿರುಗಿದರು. ಮೊದಲು ಬಲಕ್ಕೆ, ಆಮೇಲೆ, ಪಕ್ಷಪಾತವಾಗಬಾರದೆಂದು, ಎಡಕ್ಕೆ. ಎಲ್ಲ ಕಡೆಯೂ ಗೋಡೆ ಒಂದೇ ಬಣ್ಣದ್ದು. ಸಲಹೆ ಕೇಳಲು ಯಾರೂ ಬರಲಿಲ್ಲ. ಕೇಳದೆ ಇರುವುದನ್ನು ಕಲಿಸಿದವರ ಬಳಿ ಕೇಳಲು ಬರುವುದಾದರೂ ಹೇಗೆ? ಮೂರನೆಯ ದಿನ ಅವರು ಟೆಲಿಫೋನು ಎತ್ತಿ ತಮ್ಮ ಹಳೆಯ ವಿಭಾಗಕ್ಕೆ ತಿರುಗಿಸಿದರು.

"ಯಾರು?" ಎಂದಳು ದೊಡ್ಡಕ್ಕ.

"ನಾನು. ಏನಾದ್ರೂ ಕೇಳೋದಿತ್ತಾ ಅಂತ."

"ನಾವಾ? ಫೋನ್ ಮಾಡಿದ್ದು ನೀವಲ್ವಾ?"

"ಹೌದು, ಆದ್ರೆ ನಿಮಗೇನಾದ್ರೂ... ಅನುಮಾನ, ಗಿನುಮಾನ..."

"ಅನುಮಾನ ಏನೂ ಇಲ್ಲ ಸಾಹೇಬ್ರೇ. ನಿಮ್ ದಯೆಯಿಂದ ಎಲ್ಲಾ ನಾವೇ ಮಾಡ್ಕೋತಿದೀವಿ. ನೀವು ಆರಾಮಾಗಿರಿ."

ಸಾಹೇಬರು ಆರಾಮಾಗಿದ್ದರು. ಆರಾಮು ಎಷ್ಟಿತ್ತೆಂದರೆ ಏಸಿಯ ಗುಂಯ್ ಸದ್ದಿನಲ್ಲಿ ಅವರಿಗೆ ಮಾತು ಕೇಳಿಸತೊಡಗಿತು. "ನನ್ನನ್ನೇನಾದ್ರೂ ಕೇಳಿದ್ಯಾ?" ಎಂದು ಒಮ್ಮೆ ಅವರು ಏಸಿಯನ್ನು ವಿಚಾರಿಸಿದ್ದೂ ಉಂಟು.

ಗುಂಡಿಗೆ ದ್ರೋಹ ಬಗೆಯುವ ಯೋಚನೆ ಹುಟ್ಟಿದ್ದು ಅಲ್ಲಿಯೇ. ಹಳೆಯ ಡ್ರಾಯರಿನಿಂದ ತಂದ ಸಾಮಾನಿನಲ್ಲಿ ಮೂರು ತೂತಿನ ಗುಂಡಿಯೊಂದಿತ್ತು. ನಾಲ್ಕು ತೂತು ಕೊರೆಯಬೇಕಾದ ಯಂತ್ರ ಯಾವುದೋ ಕಾಲದಲ್ಲಿ ಮನಸ್ಸು ಬದಲಿಸಿ ಮೂರಕ್ಕೆ ನಿಲ್ಲಿಸಿದ್ದು. ಸಾಹೇಬರು ತಮಾಷೆಗೆಂದು ಇಟ್ಟುಕೊಂಡದ್ದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತು ಅವರು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲಿಳಿದು, ಖಾಲಿ ಹಾಲಿಗೆ ಹೊಕ್ಕು, ಇಡೀ ಜೀವಮಾನ ಕೆಟ್ಟ ಗುಂಡಿಗಳನ್ನು ಹೊರಗೆ ತೆಗೆದ ಆ ಎರಡು ಬೆರಳಿಂದಲೇ ಅದನ್ನು ರಾಶಿಯ ನಡುವೆ ತೂರಿಸಿದರು. ಮೂರು ತೂತಿನ ಗುಂಡಿ ಕಂಡರೆ ಎಂಥವರಿಗಾದರೂ ಆಶ್ಚರ್ಯವಾಗಲೇಬೇಕು. ಆಶ್ಚರ್ಯವಾದರೆ ಯಾರನ್ನಾದರೂ ಕೇಳಲೇಬೇಕು. ಮೆಟ್ಟಿಲು ಹತ್ತುವಾಗ ಅವರ ಗುಂಡಿಗೆ ಡವಗುಟ್ಟುತ್ತಿತ್ತು.

ಕೋಣೆಯಲ್ಲಿ ಬಾಗಿಲು ತೆರೆದಿಟ್ಟು, ಕನ್ನಡಕ ಒರೆಸಿ, ಎದುರಿನ ಕುರ್ಚಿ ಎಳೆದು ಸಿದ್ಧವಾಗಿ ಕೂತರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸಾಹೇಬರು ಎದ್ದು ನಿಂತರು. ನೀರಿನ ಕ್ಯಾನು ಹೊತ್ತವನು ಮುಂದಕ್ಕೆ ಹೋದ. ಸಂಜೆಯ ಸೈರನ್ ಕೂಗಿತು. ಯಾರೂ ಬರಲಿಲ್ಲ.

ಮರುದಿನ ಊಟದ ಹೊತ್ತಿಗೆ ಅವರು ಮತ್ತೆ ಕೆಳಗಿಳಿದರು. ರಾಶಿಯಲ್ಲಿ ಗುಂಡಿಯಿರಲಿಲ್ಲ. ಬಲಗಡೆಯ ಟ್ರೇಗಳಲ್ಲಿ ಹುಡುಕಿದರು, ಇರಲಿಲ್ಲ. ಎಡಗಡೆಯ ಡಬ್ಬಕ್ಕೆ ಕೈ ಹಾಕಿ ಮೊಣಕೈವರೆಗೂ ಕೆದಕುತ್ತಿದ್ದಾಗ ಹಿಂದಿನಿಂದ ಮಾತು ಬಂತು.

"ಇದನ್ನ ಹುಡುಕ್ತಿದೀರಾ?"

ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದಳು. ಅಂಗೈ ಮೇಲೆ ಮೂರು ತೂತಿನ ಗುಂಡಿ. ಅವಳ ಹಿಂದೆ ಬನ್ನು ಅಗಿಯುವುದನ್ನು ನಿಲ್ಲಿಸಿ ಬಾಯುಬ್ಬಿಸಿಕೊಂಡೇ ನಿಂತ ಬಣ್ಣದಣ್ಣ.

"ಅದು... ಎಲ್ಲಿ ಸಿಕ್ತು?" ಎಂದರು ಸಾಹೇಬರು. ಕೈ ಇನ್ನೂ ಡಬ್ಬದಲ್ಲೇ ಇತ್ತು.

"ನೀವು ಹಾಕಿದಲ್ಲೇ."

"ನಾನ್ಯಾಕೆ ಹಾಕ್ಲಿ?"

"ಅದೇ ನಮಗೂ ತಿಳೀಲಿಲ್ಲ. ಇವನು ನೋಡಿದ ತಕ್ಷಣ ಬೇಡ ಅಂತ ಎಸೆದ. ನಾನೇ ಎತ್ಕೊಂಡೆ. ಈ ಮೂರು ತೂತಿಂದನ್ನ ನೀವೇ ನನಗೆ ಎಷ್ಟು ಸಲ ತೋರ್ಸಿ ನಕ್ಕಿದೀರಿ! ನಾವು ಪಾಸು ಮಾಡ್ತೀವಾ ಅಂತ ಪರೀಕ್ಷೆ ಮಾಡಿದ್ರಾ?"

"ಪರೀಕ್ಷೆ ಅಲ್ಲ."

"ಮತ್ತೆ?"

"ಕೇಳೋಕೆ ಬರ್ತೀರೇನೋ ಅಂತ."

ಬಣ್ಣದಣ್ಣ ಬನ್ನು ನುಂಗಿದ. ದೊಡ್ಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಸಾಹೇಬ್ರೇ, ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ನೀಲಿ ಯಾವ್ದು ನೇರಳೆ ಯಾವ್ದು ಅಂತ ನಮಗೆ ಯಾವತ್ತು ಗೊತ್ತಿರ್ಲಿಲ್ಲ? ಇವನು ಇಪ್ಪತ್ತು ವರ್ಷ ಬಣ್ಣದ ತೊಟ್ಟೀಲೇ ಕೈ ಅದ್ದಿದವನು."

"ಹಾಗಾದ್ರೆ ದಿನಾ ಬಂದು ಕೇಳ್ತಿದ್ರಲ್ಲ!"

"ನಿಮ್ಮನೆಯವರು ಹೋದ ಮೇಲೆ ನೀವು ಆ ಗಾಜಿನ ಗೂಡಲ್ಲಿ ಗೋಡೆ ನೋಡ್ಕೊಂಡು ಕೂರೋಕೆ ಶುರು ಮಾಡಿದ್ರಿ. ಒಳಗೆ ಬಂದು 'ಹೇಗಿದೀರಿ' ಅಂದ್ರೆ 'ಚೆನ್ನಾಗಿದೀನಿ, ಹೋಗಿ ಕೆಲಸ ನೋಡಿ' ಅಂತಿದ್ರಿ. ಗುಂಡಿ ಹಿಡ್ಕೊಂಡು ಬಂದ್ರೆ ಮಾತ್ರ 'ಕೂತ್ಕೋ' ಅಂತಿದ್ರಿ. ಅದಕ್ಕೇ ಪಾಳಿ ಮಾಡ್ಕೊಂಡ್ವಿ. ಇವನು ಬೆಳಗ್ಗೆ, ನಾನು ಊಟ ಆದ್ಮೇಲೆ, ಹೀಗೆ."

"ಪಾಳಿ," ಎಂದರು ಸಾಹೇಬರು.

"ನನ್ ಮಗಳಿಗೆ ಕೆಮ್ಮು ವಾಸಿಯಾಗಿ ಎರಡು ವರ್ಷ ಆಯ್ತು," ಎಂದ ಬಣ್ಣದಣ್ಣ, ತಲೆತಗ್ಗಿಸಿ. "ಮಾತಿಗೆ ಬೇಕಲ್ಲ ಅಂತ ಕೆಮ್ಮಿಸ್ತಾ ಇದ್ದೆ."

"ಆಮೇಲೊಂದು ದಿನ ನೀವು ಆ ತರಬೇತಿಯಿಂದ ಬಂದು, 'ನಿಮಗೇನನ್ಸುತ್ತೆ' ಅಂತ ಎಲ್ಲರನ್ನೂ ವಾಪಸ್ ಅಟ್ಟೋಕೆ ಶುರು ಮಾಡಿದ್ರಿ. ನಾವು ತಲೆ ತಿಂತಿದೀವಿ, ಸಾಹೇಬ್ರಿಗೆ ಸಾಕಾಗಿದೆ ಅಂದ್ಕೊಂಡ್ವಿ. ದೊಡ್ಡೋರು ಬೇಡ ಅಂದ್ಮೇಲೆ ಮೇಲೆ ಬೀಳೋದು ಹೇಗೆ?"

ಸಾಹೇಬರು ಡಬ್ಬದಿಂದ ಕೈ ತೆಗೆದರು. ತೋಳಿಗೆ ಒಂದೆರಡು ಒಡಕು ಗುಂಡಿಗಳು ಅಂಟಿದ್ದವು. ನಲವತ್ತು ಸಲ, ದಿನಾ, ಇಷ್ಟು ವರ್ಷ, ಅವರು ಕೊಟ್ಟ ತೀರ್ಪುಗಳೆಲ್ಲ ಆಗಲೇ ತೀರ್ಪಾದ ಗುಂಡಿಗಳ ಮೇಲೆ. ಒಳ್ಳೇ ಲೀಡರು. ಅವರು ಅದನ್ನು ಹೇಳಿ ನಗಲು ನೋಡಿದರು. ನಗು ಅರ್ಧ ದಾರಿಗೆ ಬಂದು, ಮನಸ್ಸು ಬದಲಿಸಿ ಹಿಂದಕ್ಕೆ ಹೋಯಿತು.

ದೊಡ್ಡಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. "ಎಲ್ಲರನ್ನೂ ಕೇಳಿದ್ರಿ," ಎಂದಳು. "ನಿಮಗೇನನ್ಸುತ್ತೆ ಸಾಹೇಬ್ರೇ?"

ಇದಕ್ಕೆ ತರಬೇತಿಯಲ್ಲಿ ಉತ್ತರ ಕಲಿಸಿರಲಿಲ್ಲ. ಸಾಹೇಬರು ಅಂಗಿಯ ತೋಳಿನಿಂದ ಒಂದು ಒಡಕು ಗುಂಡಿ ಬಿಡಿಸಿ ಡಬ್ಬಕ್ಕೆ ಹಾಕಿದರು. ಇನ್ನೊಂದನ್ನೂ ಬಿಡಿಸಿದರು.

"ಮೇಲೆ ಬಹಳ... ಯಾರೂ ಇಲ್ಲ," ಎಂದರು.

ಬಣ್ಣದಣ್ಣ ಗೋಡೆಯ ಕಡೆ ತಿರುಗಿ ಏನನ್ನೋ ಓದತೊಡಗಿದ. ಗೋಡೆಯ ಮೇಲೆ 'ಉಗುಳಬೇಡಿ' ಎಂದಿತ್ತು. ಅದನ್ನೇ ಬಹಳ ಹೊತ್ತು ಓದಿದ.

"ಇಷ್ಟು ಹೇಳೋಕೆ ಮೂರು ತೂತಿನ ಗುಂಡಿ ಬೇಕಿತ್ತಾ?" ಎಂದಳು ದೊಡ್ಡಕ್ಕ. ದನಿ ಗದರುವ ಹಾಗೇ ಇತ್ತು. ಗುಂಡಿಯನ್ನು ಅವರ ಅಂಗೈಗೆ ಒತ್ತಿ, ಮೇಜಿನ ಕಡೆ ಹೋದಳು.

ಆ ಸಂ‍ಜೆ ದರ್ಜಿಯ ಮಷೀನು ನಿಲ್ಲಲಿಲ್ಲ. ಜರ್ರ್ ಜರ್ರ್ ಎಂದು ಜಿಪ್ಪುಗಳ ಸದ್ದು ಮೆಟ್ಟಿಲಿನವರೆಗೂ ಬಂತು. ಸಾಹೇಬರು ಮನೆಗೆ ಹೋಗಿ ದೀಪ ಹಾಕುವ ಮೊದಲೇ ಅಕ್ಕನಿಗೆ ಫೋನು ಮಾಡಿದರು.

"ಯಾರು?" ಎಂದಳು ಅಕ್ಕ, ಚೆನ್ನಾಗಿ ಗೊತ್ತಿದ್ದೂ.

"ಅಕ್ಕ, ಭಾನುವಾರ ಬಾ."

"ಯಾಕೆ, ನನಗೇನನ್ಸುತ್ತೆ ಅಂತ ಕೇಳಲ್ವಾ?"

"ಇಲ್ಲ. ಬಾ."

ಆ ಕಡೆ ಮೂಗೊರೆಸಿಕೊಂಡ ಸದ್ದು. "ಈ ಭಾನುವಾರ ಆಗಲ್ಲ ಕಣೋ. ನೀನು ಬರಬೇಡ ಅಂದೆ ಅಂತ ಹಲ್ಲು ಕೀಳಿಸೋಕೆ ಹೇಳ್ಬಿಟ್ಟಿದೀನಿ. ಅದರ ಮುಂದಿನ ವಾರ ನೋಡ್ತೀನಿ." ಸ್ವಲ್ಪ ತಡೆದು, "ಉಂಡ್ಯಾ?" ಎಂದಳು.

"ಇಲ್ಲ," ಎಂದರು ಸಾಹೇಬರು. ಇಷ್ಟು ನಿಜವಾದ ಉತ್ತರವನ್ನು ಅವರು ಬಹಳ ದಿನಗಳಿಂದ ಕೊಟ್ಟಿರಲಿಲ್ಲ.

ಮರುದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಏಸಿ ಎಂದಿನಂತೆ ಗುಂಯ್‌ಗುಟ್ಟುತ್ತಿತ್ತು. ಗಾಜಿನ ಕೈ ಎಂದಿನಂತೆ ಚಿಲ್ಲರೆ ಕೇಳುತ್ತಿತ್ತು. ಸಾಹೇಬರು ಅದರ ಅಂಗೈಯಲ್ಲಿ ಮೂರು ತೂತಿನ ಗುಂಡಿ ಇಟ್ಟಿದ್ದರು; ಅದಾದರೂ ಬರಿಗೈಯಲ್ಲಿರಬಾರದೆಂದು. ಬಾಗಿಲು ಬಡಿದ ಸದ್ದಾಯಿತು. ಅವರು ಏಸಿಯ ಕಡೆ ನೋಡಿದರು. ಮತ್ತೆ ಬಡಿದ ಸದ್ದು.

ಬಾಗಿಲಲ್ಲಿ ಬಣ್ಣದಣ್ಣ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ. ಹತ್ತು ಬಣ್ಣದ ಬೆರಳುಗಳ ನಡುವೆ ಒಂದು ಬಿಳಿಯ ಗುಂಡಿ. ದುಂಡಗೆ, ನುಣ್ಣಗೆ, ನಾಲ್ಕು ತೂತು ನಾಲ್ಕು ಮೂಲೆಗೆ ಸರಿಯಾಗಿ ಕೂತದ್ದು. ಕಾರ್ಖಾನೆಯ ಇತಿಹಾಸದಲ್ಲೇ ಅಷ್ಟು ನಿರ್ದೋಷಿಯಾದ ಗುಂಡಿ ತಯಾರಾಗಿರಲಿಕ್ಕಿಲ್ಲ.

"ಸಾಹೇಬ್ರೇ," ಎಂದ ಬಣ್ಣದಣ್ಣ, ಮುಖ ಗಂಭೀರ ಮಾಡಿಕೊಂಡು. "ಇದೊಂದು ಅನುಮಾನ. ಹೋಗ್ಲಾ, ಬೇಡ್ವಾ?"

ಸಾಹೇಬರು ಗುಂಡಿಯನ್ನು ಎರಡು ಬೆರಳಲ್ಲಿ ತೆಗೆದುಕೊಂಡರು. ಕುರ್ಚಿಸಮೇತ ತಿರುಗಿದರು. ಹಿಂದೆ ಬರಿ ಗೋಡೆ. ಒಂದು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಗೋಡೆಗೇ ಹಿಡಿದು ನೋಡಿ, ಗಂಟಲು ಸರಿಮಾಡಿಕೊಂಡರು.

"ಕಷ್ಟ ಇದೆ," ಎಂದರು. "ಇಲ್ಲಿ ಬೆಳಕಿಲ್ಲ. ಕೆಳಗೆ ಕಿಟಕಿ ಹತ್ರ ಹೋಗೇ ನೋಡ್ಬೇಕು."

"ನಾನೂ ಅದೇ ಅಂದ್ಕೊಂಡೆ."

ಇಬ್ಬರೂ ಮೆಟ್ಟಿಲಿಳಿಯತೊಡಗಿದರು. ಗುಂಡಿಯ ಹಣೆಬರಹ ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಇಬ್ಬರಿಗೂ ಅವಸರವಿರಲಿಲ್ಲ. ಮೊದಲ ತಿರುವಿನಲ್ಲಿ ಸಾಹೇಬರು ನಿಂತು ಕೇಳಿದರು:

"ನಿನ್ ಮಗಳ ಕೆಮ್ಮು ಹೇಗಿದೆ?"

"ಮತ್ತೆ ಶುರುವಾಗಿದೆ ಸಾಹೇಬ್ರೇ," ಎಂದ ಬಣ್ಣದಣ್ಣ.